ಫಿನ್‌ಲ್ಯಾಂಡಿಗೆ ಹೋಗಿಬಂದ ಬೀಗದ ಕೈ

ಗುಂಡ್ಲುಪೇಟೆ

ಫಿನ್‌ಲ್ಯಾಂಡ್ ಎಂಬ ಹೆಸರು ಕಿವಿಗೆ ಬಿದ್ದರೆ ಈಗಲೂ ನನ್ನ ಮೈ ಉರಿಯುತ್ತದೆ. ಪಾಪ, ತಪ್ಪು ಆ ದೇಶದ್ದಲ್ಲ. ಶಿಕ್ಷಕರ ತರಬೇತಿ ಎಂದು ನಮ್ಮನ್ನು ಎಲ್ಲಿ ಕೂರಿಸಿದರೂ ಮೊದಲ ಸ್ಲೈಡಿನಲ್ಲೇ ಫಿನ್‌ಲ್ಯಾಂಡ್ ಬಂದು ನಿಲ್ಲುತ್ತಿತ್ತು. ಅಲ್ಲಿ ಹೋಂವರ್ಕ್ ಇಲ್ಲವಂತೆ, ಅಲ್ಲಿ ಮಕ್ಕಳು ನಗುನಗುತ್ತಾ ಶಾಲೆಗೆ ಬರುತ್ತವಂತೆ, ಅಲ್ಲಿ ಮೇಷ್ಟ್ರಿಗೆ ಡಾಕ್ಟರಿಗಿಂತ ಮರ್ಯಾದೆಯಂತೆ. ನಾವು ಅಂತೆಕಂತೆಗಳನ್ನೆಲ್ಲ ಕೇಳಿ, ವಡೆ ತಿಂದು, ಸಹಿ ಹಾಕಿ ಮನೆಗೆ ಬರುತ್ತಿದ್ದೆವು. ಕಡೆಗೊಂದು ದಿನ ಆ ದೇಶಕ್ಕೆ ನಾನೇ ಹೋಗಿಬಂದೆ. ಹೋಗಿದ್ದು ಆರು ಸ್ಕೂಲ್ ಯೂನಿಫಾರ್ಮ್ ತೋರಿಸುವುದಕ್ಕೆ.

ನಾನು ಗುಂಡ್ಲುಪೇಟೆಯವಳು. ಚಾಮರಾಜನಗರದ ಒಂದು ಬಿ.ಎಡ್. ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ದಿನಾ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಟೊಮೆಟೊ ಕ್ರೇಟು, ಹೂವಿನ ಮೂಟೆ, ಯಾರದೋ ಮೊಬೈಲಿನ ಹಾಡು ಇವುಗಳ ಮಧ್ಯೆ ನಿಂತುಕೊಂಡೇ ಹೋಗಿಬರುವವಳು. ನಲವತ್ತು ದಾಟಿದ ಮೇಲೆ ನನಗೆ ಪಿಎಚ್‌ಡಿ ಹುಚ್ಚು ಹತ್ತಿತು. ಹೈಸ್ಕೂಲು ಅರ್ಧಕ್ಕೆ ಬಿಟ್ಟು, ಈಗ ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆ ಹೊಲಿಯುವ ಹುಡುಗಿಯರನ್ನು ಹಿಡಿದು 'ಶಾಲೆ ಯಾಕೆ ಬಿಟ್ಟಿರಿ' ಎಂದು ಕೇಳುವುದು ನನ್ನ ಸಂಶೋಧನೆ.

ಮೊದಲು ಎಲ್ಲರಂತೆ ನಾನೂ ಪ್ರಶ್ನಾವಳಿ ಹಂಚಿದೆ. ಹುಡುಗಿಯರು ಒಬ್ಬಳೂ ಬಿಡದಂತೆ 'ಮನೆಯ ಆರ್ಥಿಕ ತೊಂದರೆ' ಎಂಬ ಸಾಲಿಗೆ ಟಿಕ್ ಹಾಕಿ ಕೊಟ್ಟರು. ಒಬ್ಬಳು ಕೊಡುವಾಗ, "ಅಷ್ಟೇನಾ ಮೇಡಂ? ಇಷ್ಟಕ್ಕೆ ಬಸ್ಸತ್ಕಂಡ್ ಬಂದ್ರಾ?" ಎಂದು ನಕ್ಕಳು. ಅವಳೇ ಗೌರಿ. ಅದು ಅವಳ ನಿಜವಾದ ಹೆಸರಲ್ಲ. ಅವಳ ಊರು ತೆರಕಣಾಂಬಿಯ ಆಚೆಗೆ ಎಲ್ಲೋ ಇದೆ ಎಂದಷ್ಟೇ ಹೇಳುತ್ತೇನೆ. ಗುರುತು ಹೇಳಿ ಆಗಿರುವ ಅನಾಹುತವೇ ಸಾಕು.

ಆ ನಗು ನನ್ನನ್ನು ಬಿಡಲಿಲ್ಲ. ಹುಡುಕಾಡುವಾಗ ಕಲೆಯನ್ನೇ ದಾರಿ ಮಾಡಿಕೊಂಡ ಸಂಶೋಧನೆ ಎಂಬುದೊಂದಿದೆ ಎಂದು ಓದಿದೆ. ಪ್ರಶ್ನೆ ಕೇಳುವ ಬದಲು ಚಿತ್ರ ಬರೆಸುವುದು, ಆಟ ಕಟ್ಟಿಸುವುದು, ಹಾಡಿಸುವುದು. ಬಾಯಿ ಹೇಳದೇ ಇದ್ದದ್ದನ್ನು ಕೈ ಹೇಳುತ್ತದೆ ಎಂಬ ನಂಬಿಕೆ. ನನ್ನ ಹುಡುಗಿಯರ ಕೈಗೆ ಗೊತ್ತಿದ್ದದ್ದು ಹೊಲಿಗೆ. ಯೂನಿಫಾರ್ಮಿನ ನೀಲಿ ಬಟ್ಟೆ ತಂದುಕೊಟ್ಟು, "ನೀವು ಹಾಕ್ಕೊಂಡು ಹೋಗ್ತಿದ್ದ ಯೂನಿಫಾರ್ಮನ್ನ ನೆನಪಿಂದ ಹೊಲೀರಿ. ಆಗ ಹೇಳದೇ ಉಳಿದದ್ದು ಏನಾದ್ರೂ ಇದ್ರೆ ಅದರ ಮೇಲೇ ಹಾಕಿ" ಎಂದೆ.

ನನ್ನ ಗೈಡ್ ಸರ್ ಇದನ್ನು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಮ್ಮಾ, ಬಟ್ಟೆ ಹೊಲಿಸಿದ್ರೆ ಡಾಕ್ಟರೇಟ್ ಬರೋದಾದ್ರೆ ಗುಂಡ್ಲುಪೇಟೆ ಟೈಲರ್‌ಗಳೆಲ್ಲ ಡಾಕ್ಟ್ರಾಗ್ಬೇಕಿತ್ತಲ್ಲ! ಸ್ಯಾಂಪಲ್ ಎಷ್ಟು? ಟೇಬಲ್ ಎಲ್ಲಿ? ಪರ್ಸೆಂಟೇಜ್ ಇಲ್ದೆ ನಾನು ಸಹಿ ಹಾಕೋದು ಹೇಗೆ?" ಅವರು ಕೆಟ್ಟವರಲ್ಲ. ಮೂವತ್ತು ವರ್ಷ ಪರ್ಸೆಂಟೇಜನ್ನೇ ಉಂಡು ಬೆಳೆದವರು.

ಹರದನಹಳ್ಳಿಯಲ್ಲಿ ಒಬ್ಬ ಹುಡುಗಿಯ ಮನೆಯ ಜಗಲಿಯ ಮೇಲೆ ಭಾನುವಾರ ಭಾನುವಾರ ಸೇರಿ ಹೊಲಿದರು. ವಾರವೆಲ್ಲ ಫ್ಯಾಕ್ಟರಿಯಲ್ಲಿ ಬರೀ ತೋಳು ಕೂರಿಸುವ ಕೈಗಳು ಅಲ್ಲಿ ಇಡೀ ಅಂಗಿ ಹೊಲಿಯುತ್ತಾ ಹರಟಿದವು. ಒಬ್ಬಳು ಜೇಬು ಇಟ್ಟು, ಅದರ ಬಾಯಿಯನ್ನು ಗಟ್ಟಿಯಾಗಿ ಹೊಲಿದುಬಿಟ್ಟಳು. ಒಬ್ಬಳ ಅಂಗಿಯ ಬೆನ್ನಿನ ಮೇಲೆ, ಹಿಂದಿನ ಬೆಂಚಿನವರು ಅಂಟಿಸುತ್ತಿದ್ದ ಚೀಟಿಗಳಿದ್ದವು. ಗೌರಿ ಎದೆಯ ಜೇಬಿನಿಂದ ಕೆಳಗೆ ಒಂದು ಬೀಗದ ಕೈ ನೇತಾಡುವಂತೆ ಕಸೂತಿ ಹಾಕಿದ್ದಳು. ಜಡೆಗೆ ಕಟ್ಟುವ ಕೆಂಪು ಟೇಪು, ಟೇಪಿನ ತುದಿಗೆ ಅರ್ಧ ಮುರಿದ ಮರದ ಸ್ಕೇಲು, ಸ್ಕೇಲಿಗೆ ಕಟ್ಟಿದ ಕೀ. ಸ್ಕೇಲಿನ ಮೇಲೆ ಉಳಿದಿದ್ದ ಅಂಕಿಗಳನ್ನೂ ಬಿಟ್ಟಿರಲಿಲ್ಲ.

"ಇದೇನಮ್ಮಿ?" ಎಂದೆ.

"ಮೇಷ್ಟ್ರುಗಳ ಲ್ಯಾಟ್ರಿನ್ ಕೀ ಮೇಡಂ. ಇಸ್ಕೂಲ್ನಲ್ಲಿ ದಿನಾ ಬೆಳಿಗ್ಗೆ ಅದ ನಾವು ತೊಳೀಬೇಕಿತ್ತು. ನಾವು ಅಂದ್ರೆ ಎಲ್ರೂ ಅಲ್ಲ, ನಮ್ ಬೀದಿ ಹುಡ್ಗೀರು ಮಾತ್ರ. ಪ್ರೇಯರ್ ಮುಗ್ದ್ ಮ್ಯಾಲೆ ಎಲ್ರೂ ಕ್ಲಾಸಿಗೆ ಓಗೋರು, ನಾವು ಕೀ ಇಸ್ಕಂಡ್ ನೀರಿಗ್ ಓಗೋದು. ನಾವು ಒಳಿಕ್ ಬರೋಗಂಟ ಮೊದಲ್ನೇ ಪೀರಿಯಡ್ಡು ಮುಗ್ದೋಗದು. ಅದು ಗಣಿತದ ಪೀರಿಯಡ್ಡು. ನಾನ್ ಫೇಲಾಗಿದ್ದು ಗಣಿತದಲ್ಲೇಯ."

ಒಂದು ವರ್ಷ ಪ್ರಶ್ನಾವಳಿ ಹಿಡಿದು ಅಲೆದಿದ್ದೆ. ನನ್ನ ಸಂಶೋಧನೆಗೆ ಸಿಕ್ಕ ಮೊದಲ ನಿಜ ಇದು. ಆ ಶಾಲೆಯ ಹೆಡ್ ಮಾಸ್ಟರು ನಮ್ಮವರೇ, ನನ್ನ ತವರಿನ ಕಡೆ ದೂರದ ನೆಂಟರು ಎಂಬುದು ಗೌರಿಗೂ ಗೊತ್ತಿತ್ತು. ಅಂಗಿ ಮಡಿಸಿ ಕೊಡುವಾಗ ಕೈ ಬಿಡದೆ ಹಿಡಿದುಕೊಂಡೇ ಹೇಳಿದಳು: "ನಮ್ ತಂಗಿ ಅಲ್ಲೇ ಓದ್ತಾವ್ಳೆ ಮೇಡಂ. ಜೂನಿಗೆ ಹತ್ನೇ ಕ್ಲಾಸು. ಅವ್ಳಾದ್ರೂ ಪಾಸಾಗ್ಲಿ. ಇದ ನಮ್ ಕಡೆ ಎಲ್ಲೂ ತೋರ್ಸ್‌ಬ್ಯಾಡಿ. ಬೇಕಾದ್ರೆ ಫಾರಿನ್ನಲ್ಲಿ ತೋರ್ಸಿ. ಅಲ್ಲಿ ನಮ್ ಗುರ್ತು ಯಾರ್ಗಿದ್ದದು?"

ಆಗಲಿ ಎಂದು ಮಾತು ಕೊಟ್ಟೆ. ಫಿನ್‌ಲ್ಯಾಂಡಿನ ವಿಚಾರಸಂಕಿರಣಕ್ಕೆ ಅರ್ಜಿ ಹಾಕಿದ್ದು ಆಮೇಲೆ.

ಹೆಲ್ಸಿಂಕಿ

ಅಲ್ಲಿಂದ ಒಪ್ಪಿಗೆ ಬಂದದ್ದೇ ತಡ, ಗೈಡ್ ಸರ್‌ಗೆ ಬಟ್ಟೆಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. "ಗೈಡ್ ಇಲ್ದೆ ಸ್ಕಾಲರ್ ಒಬ್ಳೇ ಹೋದ್ರೆ ಅವ್ರು ಏನಂದ್ಕೋತಾರಮ್ಮ?" ಎಂದು ತಮ್ಮ ಹೆಸರನ್ನೂ ಸೇರಿಸಿ ಕಳಿಸಿ, ಟಿಕೆಟ್ಟನ್ನೂ ಮಾಡಿಸಿಕೊಂಡರು. ಹೀಗೆ ನನ್ನ ಮೊದಲ ವಿದೇಶ ಪ್ರವಾಸ ಗೈಡ್ ಸಮೇತ ನಡೆಯಿತು.

ಆರು ಅಂಗಿಗಳನ್ನು ನಾನು ಕೈಚೀಲದಲ್ಲಿಟ್ಟುಕೊಂಡು ಮಡಿಲಲ್ಲೇ ಇರಿಸಿಕೊಂಡಿದ್ದೆ. ಸರ್ ಚಟ್ನಿಪುಡಿ, ರಾಗಿಹಿಟ್ಟು, ಇಸ್ತ್ರಿ ಮಾಡಿದ ಸೂಟು ಎಲ್ಲವನ್ನೂ ದೊಡ್ಡ ಪೆಟ್ಟಿಗೆಗೆ ತುಂಬಿ ವಿಮಾನದ ಹೊಟ್ಟೆಗೆ ಹಾಕಿಸಿದ್ದರು. ಹೆಲ್ಸಿಂಕಿಯಲ್ಲಿ ಇಳಿದರೆ ನಾವಿಬ್ಬರೂ ಬಂದಿದ್ದೇವೆ, ಪೆಟ್ಟಿಗೆ ಬಂದಿಲ್ಲ. ಅದು ಇನ್ಯಾವುದೋ ದೇಶಕ್ಕೆ ಹೋಗಿತ್ತು. ಕೌಂಟರಿನ ಹುಡುಗ ದನಿ ಏರಿಸದೆ ಎಲ್ಲ ಬರೆದುಕೊಂಡ. ಸರ್ ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೂಗಾಡಿದರು. ಅವನು ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ಕೂಗಾಡಿದವರಿಗೆ ತಿರುಗಿ ಕೂಗುವವರೇ ಇಲ್ಲದ ಊರಿನಲ್ಲಿ ಜಗಳವಾಡುವುದೂ ಕಷ್ಟ ಎಂದು ಅಂದು ಗೊತ್ತಾಯಿತು.

ನಮ್ಮನ್ನು ಕರೆದೊಯ್ಯಲು ಬಂದಿದ್ದಾಕೆ ಐನೊ. ವಿಚಾರಸಂಕಿರಣ ನಡೆಸುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಕಲಾ ಶಿಕ್ಷಣ ಕಲಿಸುವವಳು, ನನ್ನಷ್ಟೇ ವಯಸ್ಸು, ಮಾತು ಕಡಿಮೆ. ಸರ್ ಹಾಕಿದ ಅಂಗಿಯಲ್ಲೇ ನಡುಗುವುದನ್ನು ನೋಡಿ, ಗಂಡನ ಸ್ವೆಟರು ತಂದುಕೊಟ್ಟಳು. ಎದೆಯ ಮೇಲೆ ಎರಡು ಹಿಮಸಾರಂಗಗಳಿದ್ದವು. ತೋಳು ಬೆರಳು ದಾಟಿ ಇಳಿದಿತ್ತು. ನಾಲ್ಕು ದಿನವೂ ನಮ್ಮ ವಿಶ್ವವಿದ್ಯಾಲಯದ ಘನತೆ ಆ ಸ್ವೆಟರಿನಲ್ಲೇ ಓಡಾಡಿತು.

ಕೆರೆಗಳ ಊರು

ಹೆಲ್ಸಿಂಕಿಯಿಂದ ರೈಲಿನಲ್ಲಿ ಉತ್ತರಕ್ಕೆ ಹೋದೆವು. ಕಿಟಕಿಯಲ್ಲಿ ಬರೀ ಕೆರೆ, ಕಾಡು, ಮತ್ತೆ ಕೆರೆ. ಇಷ್ಟೊಂದು ನೀರು ಯಾರೂ ಮುಟ್ಟದೆ ಸುಮ್ಮನೆ ಬಿದ್ದಿರುವುದನ್ನು ನೋಡಿ ಗುಂಡ್ಲುಪೇಟೆಯ ನನಗೆ ಹೊಟ್ಟೆ ಉರಿಯಿತು. ಆ ಬೋಗಿಯಲ್ಲಿ ಕೆಮ್ಮಿದರೂ ತಪ್ಪಾಗುವಷ್ಟು ಮೌನ. ಸರ್ ಮಾತ್ರ ಫೋನಿನಲ್ಲಿ, "ಹಲೋ! ಹಾಂ! ಫಿನ್‌ಲ್ಯಾಂಡಿಂದ! ಫಿನ್‌ಲ್ಯಾಂಡು ಕಣಯ್ಯಾ!" ಎಂದು ಮೈಸೂರಿಗೇ ನೇರವಾಗಿ ಕೇಳಿಸುವಂತೆ ಕೂಗುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಎದುರಿನ ಅಜ್ಜಿ ಸುಮ್ಮನೆ ಎದ್ದು ಬೇರೆ ಬೋಗಿಗೆ ಹೋದಳು.

ಬಸ್ ಸ್ಟಾಪಿನಲ್ಲಿ ಜನ ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುತ್ತಾರೆ. ನಾನು ರೂಢಿಯಂತೆ ಒಬ್ಬಾಕೆಯ ಪಕ್ಕ ಹೋಗಿ ನಿಂತೆ. ಆಕೆ ಒಂದು ಹೆಜ್ಜೆ ಸರಿದಳು. ನಾನೂ ಸರಿದೆ. ಆಕೆ ಮತ್ತೆ ಸರಿದಳು. ಹೀಗೇ ಇಬ್ಬರೂ ಸ್ಟಾಪಿನ ಆಚೆ ಬಂದುಬಿಟ್ಟೆವು. ಕಪ್ಪನೆಯ ಹುಳಿ ರೊಟ್ಟಿಯನ್ನು ಮಾತ್ರ ನಾನು ಒಪ್ಪಿದೆ. ಹಳಸಿದ ರಾಗಿ ರೊಟ್ಟಿಯ ನೆಂಟನಂತಿತ್ತು. ಜೂನ್ ಶುರು, ಕತ್ತಲಾಗುವುದೇ ಇಲ್ಲ. ಸರ್ ನಿದ್ದೆ ಬರದೆ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮಲಗಿದರಂತೆ.

ಮರುದಿನ ಐನೊ ನಮ್ಮನ್ನು ಒಂದು ಶಾಲೆಗೆ ಕರೆದೊಯ್ದಳು, ಬೇಸಿಗೆ ರಜೆಗೆ ಮುಂಚಿನ ಕಡೆಯ ವಾರ. ಬಾಗಿಲಲ್ಲೇ ಎಲ್ಲರೂ ಚಪ್ಪಲಿ, ಬೂಟು ಬಿಡಬೇಕು. ಅರೆ, ಇದು ನಮ್ಮ ಮನೆಯ ಹಾಗೇ ಇದೆಯಲ್ಲ ಎಂದು ನನಗೆ ಖುಷಿಯಾಯಿತು. ಸರ್‌ಗೆ ಕಷ್ಟವಾಯಿತು, ಇದ್ದ ಒಂದೇ ಜೊತೆ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅವರು ಇಡೀ ಶಾಲೆಯನ್ನು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡೇ ನೋಡಿದರು.

ತರಬೇತಿಯ ಸ್ಲೈಡುಗಳಲ್ಲಿ ತೋರಿಸದ ಒಂದು ಸಂಗತಿಯನ್ನು ನಾನಲ್ಲಿ ನೋಡಿದೆ. ಪಡಸಾಲೆಯ ಉದ್ದಕ್ಕೂ ಸಣ್ಣ ಸಣ್ಣ ಶೌಚಾಲಯಗಳು. ಒಂದರಿಂದ ಪುಟ್ಟ ಹುಡುಗಿಯೊಬ್ಬಳು ಕೈ ಒರೆಸಿಕೊಳ್ಳುತ್ತಾ ಹೊರಬಂದಳು. ಅದೇ ಬಾಗಿಲಿನಲ್ಲಿ ಅವಳ ಮೇಷ್ಟ್ರು ಒಳಗೆ ಹೋದರು. ಅಷ್ಟೆ. ಯಾರಿಗೂ ಅದು ವಿಶೇಷವಲ್ಲ. ನಾನು ಐನೊಳನ್ನು, "ಇದರ ಕೀ ಯಾರ ಹತ್ತಿರ ಇರುತ್ತದೆ?" ಎಂದು ಕೇಳಿದೆ. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೊರಗಿನಿಂದ ಬೀಗ ಯಾಕೆ ಹಾಕಬೇಕು?" ಎಂದಳು. ನಾನು ಮಾತು ತಿರುಗಿಸಿದೆ. ನನ್ನ ಊರಿನ ಮಾನ ತೆಗೆಯಲು ನಾಳೆ ಹೇಗೂ ನನಗೊಂದು ಗಂಟೆ ಕೊಟ್ಟಿದ್ದರು.

ತೋರಿಸಿದ ದಿನ

ಕಿಟಕಿಯ ಉದ್ದಕ್ಕೂ ಹಗ್ಗ ಕಟ್ಟಿ ಆರು ಅಂಗಿಗಳನ್ನು ನೇತುಹಾಕಿದೆ. ಹಿಂದಿನಿಂದ ಬಿಸಿಲು ಬಿದ್ದು ನೀಲಿ ಬಟ್ಟೆ ಜೀವ ಬಂದಂತೆ ಕಾಣುತ್ತಿತ್ತು. ಮಾತು ಶುರುಮಾಡುವ ಮೊದಲೇ, "ದಯವಿಟ್ಟು ಯಾರೂ ಫೋಟೊ ತೆಗೆಯಬೇಡಿ, ಹೊಲಿದ ಹುಡುಗಿಯರಿಗೆ ಮಾತು ಕೊಟ್ಟಿದ್ದೇನೆ" ಎಂದೆ. ಕೋಣೆಯಲ್ಲಿದ್ದವರೆಲ್ಲ ಫೋನುಗಳನ್ನು ಚೀಲದೊಳಗೆ ಹಾಕಿದರು.

ನಾನು ಪ್ರಶ್ನಾವಳಿಯ ಕಥೆ ಹೇಳಿದೆ, ಜಗಲಿಯ ಕಥೆ ಹೇಳಿದೆ. ಒಂದೊಂದು ಅಂಗಿಯನ್ನೂ ಅವರೇ ಮೊದಲು ನೋಡಲಿ, ಆಮೇಲೆ ವಿವರಿಸೋಣ ಎಂದುಕೊಂಡು ಸುಮ್ಮನಾದೆ. ಹಾಗೆ ಮಾಡಬೇಕೆಂದು ಪುಸ್ತಕಗಳಲ್ಲಿ ಇತ್ತು. ಜನ ಎದ್ದು ಓಡಾಡಿ ನೋಡಿದರು. ಗೌರಿಯ ಅಂಗಿಯ ಮುಂದೆ ಒಬ್ಬ ಗಡ್ಡದ ಪ್ರೊಫೆಸರು ಬಹಳ ಹೊತ್ತು ನಿಂತು, ಆಮೇಲೆ ಕಣ್ಣು ಮುಚ್ಚಿಕೊಂಡು ಮಾತಾಡಿದ. "ಮುರಿದ ಅಳತೆಗೋಲು! ಅಳೆಯುವ, ಎಣಿಸುವ ಸಂಶೋಧನೆ ಇಲ್ಲಿ ಮುರಿದುಬಿದ್ದಿದೆ. ಅದರ ತುದಿಯಲ್ಲಿ ಬೀಗದ ಕೈ. ಈ ಹುಡುಗಿ ಎದೆಯ ಮೇಲೆ ಜ್ಞಾನದ ಬೀಗದ ಕೈ ಧರಿಸಿದ್ದಾಳೆ." ಇನ್ನೊಬ್ಬಾಕೆ ಕೆಂಪು ಟೇಪನ್ನು ಹೆಣ್ಣಿನ ರಕ್ತ ಎಂದಳು. ತಲೆಗಳು ಅಲ್ಲಾಡಿದವು.

ಗೈಡ್ ಸರ್‌ಗೆ ತಡೆಯಲಾಗಲಿಲ್ಲ. ಹಿಮಸಾರಂಗದ ಸ್ವೆಟರಿನಲ್ಲೇ ಎದ್ದು ನಿಂತು, "ಜ್ಞಾನದ ಬೀಗದ ಕೈ! ಮೊದಲ ದಿನದಿಂದಲೂ ನಾನು ಈಕೆಗೆ ಇದನ್ನೇ ಹೇಳಿಕೊಂಡು ಬಂದಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಘೋಷಿಸಿಬಿಟ್ಟರು.

ನನಗೆ ರೇಗಿತು. "ಅದು ಮೇಷ್ಟ್ರುಗಳ ಕಕ್ಕಸ್ಸಿನ ಬೀಗದ ಕೈ" ಎಂದೆ. ಒಂದು ಬೀದಿಯ ಹುಡುಗಿಯರು ಮಾತ್ರ ಅದನ್ನು ಹಿಡಿದು ಹೋಗಿ ತೊಳೆಯುತ್ತಿದ್ದುದನ್ನು, ಗಣಿತದ ಪೀರಿಯಡ್ಡನ್ನು, ಗೌರಿ ಫೇಲಾದದ್ದನ್ನು ಹೇಳಿದೆ. ಗಡ್ಡದವನು ಕಣ್ಣು ತೆರೆದು, "ಹಾಗಾದರೆ ಇದು ಇನ್ನೂ ಅದ್ಭುತ!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದ್ಭುತ! ಅವನ ಗಡ್ಡಕ್ಕೆ ಬೆಂಕಿ ಹಾಕಬೇಕೆನಿಸಿತು. ಆದರೆ ಚಪ್ಪಾಳೆಯ ಸದ್ದು ಕೇಳಿ ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ.

ಕಾಫಿಯ ಹೊತ್ತಿಗೆ ಐನೊ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಇದನ್ನು ಯಾರು ನೋಡಬೇಕೋ ಅವರು ನೋಡಿದ್ದಾರಾ?"

"ಇಲ್ಲ. ಅವರು ನೋಡಲೇಬಾರದು" ಎಂದೆ.

ನಾನು ಹಾಗೆ ಹೇಳುತ್ತಿದ್ದ ಹೊತ್ತಿಗೆ ನೋಡಿ ಆಗಿತ್ತು. ಕೋಣೆಯಲ್ಲಿ ಒಬ್ಬರು ಮಾತ್ರ ನನ್ನ ಮಾತು ಕೇಳದೆ ಫೋಟೊ ತೆಗೆದಿದ್ದರು. ನಾನು, ಹಿಂದೆ ಗೌರಿಯ ಅಂಗಿ, ಕೆಳಗೆ 'ಜ್ಞಾನದ ಬೀಗದ ಕೈ' ಎಂಬ ಶೀರ್ಷಿಕೆ, ಅದರಡಿ ಹೊಲಿದವಳ ಹೆಸರು, ಅವಳು ಓದಿದ ಶಾಲೆಯ ಹೆಸರು. ಜಿಲ್ಲೆಯಲ್ಲಿರುವ ಶಿಕ್ಷಕರ ವಾಟ್ಸಾಪ್ ಗುಂಪುಗಳಿಗೆಲ್ಲ ಅದು ಹೋಗಿತ್ತು. ಆಮೇಲೆ ಕೇಳಿದ್ದಕ್ಕೆ ಗೈಡ್ ಸರ್, "ನೀನು ಹೇಳಿದ್ದು ಅವ್ರಿಗೆ ಅಂದ್ಕೊಂಡೆ. ನನಗೂ ಸೇರಿಸಿ ಹೇಳಿದ್ದು ಅಂತ ನಂಗೇನಮ್ಮ ಗೊತ್ತು?" ಎಂದರು. ಆ ಮುಖದಲ್ಲಿ ಕಳ್ಳತನ ಇರಲಿಲ್ಲ, ಬರೀ ಹೆಮ್ಮೆ. ಅದನ್ನು ಕಂಡು ಮತ್ತಷ್ಟು ಸಂಕಟವಾಯಿತು.

ಕೆರೆ ದಂಡೆ

ನಾಲ್ಕನೇ ದಿನ ಐನೊ ಕೆರೆ ದಂಡೆಯ ಸಂತೆಗೆ ಕರೆದೊಯ್ದಿದ್ದಳು. ಅಲ್ಲಿ ಯಾರೂ ಕೂಗಿ ಮಾರುವುದಿಲ್ಲ, ಯಾರೂ ಚೌಕಾಸಿ ಮಾಡುವುದಿಲ್ಲ. ಸತ್ತ ಮನೆಯಲ್ಲಿ ಬಟಾಣಿ ಮಾರಿದ ಹಾಗಿತ್ತು. ನನ್ನ ಫೋನು ಬಡಿದುಕೊಂಡಿತು. ನನ್ನ ಮೈದುನ ಮಂಜು. ಅವನಿಗೆ ಗುಂಡ್ಲುಪೇಟೆಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಿದೆ. ನಮ್ಮ ಕಡೆ ಮಗುವಿನ ನಾಮಕರಣಕ್ಕೂ ಫ್ಲೆಕ್ಸ್, ಸತ್ತವರಿಗೂ ಫ್ಲೆಕ್ಸ್. ಎಲ್ಲಕ್ಕೂ ಮಂಜುವೇ.

"ಅತ್ತಿಗೆ! ಏನ್ ಫ್ಲೆಕ್ಸ್ ಒಡ್ದಿವ್ನಿ ಗೊತ್ತಾ? ಬಸ್‌ಸ್ಟ್ಯಾಂಡ್ ಮುಂದ್ಕೊಂದು, ತೆರಕಣಾಂಬಿ ಸರ್ಕಲ್ಲಿಗೊಂದು. ಇನ್ನೊಂದ ಆ ಇಸ್ಕೂಲ್ ಎಡ್ ಮಾಸ್ಟ್ರೇ ಫೋನ್ ಮಾಡಿ ಕೇಳುದ್ರು, ನಮ್ ಸ್ಟೂಡೆಂಟ್ ಒಲ್ದಿರದು, ನಮ್ ಊರ್ಗೂ ಬೇಕು, ನನ್ ಫೋಟೊನೂ ಆಕು ಅಂತ. ಇಸ್ಕೂಲ್ ಗೇಟಿಗೇ ಕಟ್ಬುಟ್ಟೊ!"

ಅವನು ಕಳಿಸಿದ ಚಿತ್ರ ತೆರೆದೆ. ಬಲಗಡೆ ನಾನು. ಎಡಗಡೆ ದುಂಡಗಿನ ಚೌಕಟ್ಟುಗಳಲ್ಲಿ ಹೆಡ್ ಮಾಸ್ಟರು ಮತ್ತು ಹಿಮಸಾರಂಗದ ಗೈಡ್ ಸರ್. ನಟ್ಟನಡುವೆ, ಬಟ್ಟೆಯಿಂದ ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು ಆಳೆತ್ತರಕ್ಕೆ ಹಿಗ್ಗಿಸಿದ ಕೀ, ಕೆಂಪು ಟೇಪು, ಮುರಿದ ಸ್ಕೇಲು. ಹಿಂದೆ ದೇವರ ಫೋಟೊಗೆ ಹಾಕುವಂಥ ಬೆಳಕಿನ ಕಿರಣಗಳು. ಮೇಲೆ, 'ಜ್ಞಾನದ ಬೀಗದ ಕೈ: ಫಿನ್‌ಲ್ಯಾಂಡಿನಲ್ಲಿ ನಮ್ಮ ಶಾಲೆಯ ಕೀರ್ತಿ'.

ಹೆಡ್ ಮಾಸ್ಟರಿಗೆ ಗುರುತೇ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಆ ಕೀಯನ್ನು ಅವರು ಒಂದು ದಿನವೂ ಮುಟ್ಟಿದವರಲ್ಲ. ಅವರು ಹೋಗುವ ಹೊತ್ತಿಗೆ ಬಾಗಿಲು ತೆರೆದು, ತೊಳೆದು, ಬಕೆಟ್ಟು ತುಂಬಿರುತ್ತಿತ್ತು. ಗುರುತು ಸಿಕ್ಕಿದ್ದು ಊರಿಗೆ.

ಸ್ವಲ್ಪ ಹೊತ್ತಿಗೇ ಗೌರಿ ಫೋನ್ ಮಾಡಿದಳು. ಫ್ಯಾಕ್ಟರಿಯ ಊಟದ ಬಿಡುವು, ಹಿಂದೆ ಗಲಾಟೆ.

"ಮೇಡಂ, ಫಾರಿನ್ ಅಂದ್ರಿ. ನಮ್ ಇಸ್ಕೂಲ್ ಗೇಟಲ್ಲೇ ಕಟ್ಟವ್ರಲ್ಲ!"

ಫೋನನ್ನು ಕಿವಿಗೆ ಒತ್ತಿಕೊಂಡು ಸಂತೆಯಿಂದ ಆಚೆ ನಡೆದೆ.

"ಊರೇ ನಗ್ತಾ ಅದೆ. ಕಕ್ಕಸ್ ಕೀಗೆ ಯಾರೋ ಚೆಂಡುವ್ವಿನ ಆರ ಆಕಿ ಕುಂಕುಮ ಇಟ್ಬುಟ್ಟವ್ರೆ. ಎಚ್ಚೆಮ್ ಫೋಟೊ ಪಕ್ಕದಲ್ಲೇಯ. ಇವತ್ ಬೆಳಿಗ್ಗೆ ಅವ್ರಿಗೂ ಯಾರೋ ಯೋಳವ್ರೆ. ನಮ್ ತಂಗಿಯ ಆಪೀಸಿಗ್ ಕರ್ಸಿ, ನಿಮ್ಮಕ್ಕ ಏನ್ ಒಲ್ದಿದ್ದಾಳೆ ಯೋಳು ಅಂತ ನಿಲ್ಸಿದ್ರಂತೆ. ಅವ್ಳು ಅಳ್ತಾ ನಿಂತ್ಕಂಡವ್ಳೆ. ಕ್ಲಾಸೊಳಿಕ್ ಬುಟ್ಟಿಲ್ಲ."

"ಅಳಬೇಡ ಕಣಮ್ಮಿ. ನಾನು ಬಂದು ಮೇಲಿನವರಿಗೆ ಕಂಪ್ಲೇಂಟ್ ಕೊಡ್ತೀನಿ. ಇದು ಅಪರಾಧ."

"ಬ್ಯಾಡಿ ಮೇಡಂ! ಕಂಪ್ಲೇಂಟ್ ಕೊಟ್ಬುಟ್ಟು ನೀವು ಗುಂಡ್ಲುಪೇಟ್ಗೆ ಓಗ್ತೀರಿ. ನಮ್ಮಪ್ಪ ಅವ್ರ್ ಒಲಕ್ಕೇ ಕೂಲಿಗ್ ಓಗ್ಬೇಕು." ಫೋನು ಕಟ್ಟಾಯಿತು.

ಮಂಜುವಿಗೆ ಕೂಗಾಡಿ ಫ್ಲೆಕ್ಸ್ ಬಿಚ್ಚಲು ಹೇಳಿದೆ. ಉಳಿದೆರಡು ಇಳಿದವು. ಶಾಲೆಯ ಗೇಟಿನದನ್ನು ಹೆಡ್ ಮಾಸ್ಟರು ಮುಟ್ಟಲು ಬಿಡಲಿಲ್ಲ. ಬಿಚ್ಚಿದರೆ ಒಪ್ಪಿಕೊಂಡಂತೆ ಆಗುತ್ತದಲ್ಲ. ಕೆರೆಯ ಆಚೆ ದಡದಲ್ಲಿ ಯಾರೋ ನೀರಿಗೆ ಹಾರಿ ಈಜುತ್ತಿದ್ದರು. ಐನೊ ಏನಾಯಿತು ಎಂದು ಕೇಳಿದಳು. ಆಕೆಗೆ ಫ್ಲೆಕ್ಸ್ ಎಂದರೇನು ಎಂಬಲ್ಲಿಂದ ಶುರುಮಾಡಬೇಕಿತ್ತು. ತಲೆನೋವು ಎಂದೆ.

ತೆರಕಣಾಂಬಿಯ ಆಚೆ

ಬಂದ ಎರಡನೇ ದಿನವೇ ಹೆಡ್ ಮಾಸ್ಟರು ಮನೆಗೆ ಬಂದರು. ಕೈಯಲ್ಲಿ ಆಹ್ವಾನ, ಮುಖದಲ್ಲಿ ನಗು. ನನಗೆ ಶಾಲೆಯಲ್ಲಿ ಸನ್ಮಾನವಂತೆ. ಕಾಫಿ ಕುಡಿದು, ತವರಿನವರ ಯೋಗಕ್ಷೇಮವನ್ನೆಲ್ಲ ವಿಚಾರಿಸಿ, ಕಡೆಗೆ ಹೇಳಿದರು: "ಏನೋ ನಮ್ಮೂರಿನ ಪೋಲಿಗಳು ಆ ಚಿತ್ರಕ್ಕೆ ಕೆಟ್ಟ ಅರ್ಥ ಕಟ್ಟಿದ್ದಾರೆ. ತಾವು ವಿದ್ವಾಂಸರು. ತಾವು ಮೈಕಿನಲ್ಲಿ ಏನು ಹೇಳ್ತೀರೋ ಅದೇ ಅರ್ಥ. ಆ ಮಗು ಕೂಡ ಪಾಪ, ಒಳ್ಳೆ ಹುಡುಗಿ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೆಸರು ಕಳಿಸೋದು ನನ್ನ ಕೈಲೇ ಇದೆ. ಅವಳ ಭವಿಷ್ಯ ಹಾಳಾಗೋದು ನನಗೂ ಇಷ್ಟ ಇಲ್ಲ." ಒಂದು ಕೆಟ್ಟ ಮಾತಿಲ್ಲ, ಎತ್ತರದ ದನಿಯಿಲ್ಲ. ಬೆದರಿಕೆಯನ್ನು ಇಷ್ಟು ಮರ್ಯಾದೆಯಿಂದ ಹಾಕುವುದನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೋ ಗೊತ್ತಿಲ್ಲ.

ಶಾಲೆಯ ಗೇಟಿನಲ್ಲಿ ಫ್ಲೆಕ್ಸ್ ಹಾಗೇ ಇತ್ತು. ಬಾಡಿದ ಹಾರ ಕಿತ್ತುಹಾಕಿದ್ದರು, ಕುಂಕುಮದ ಕಲೆ ಹೋಗಿರಲಿಲ್ಲ. ಆಫೀಸಿನ ಎದುರಿನ ಬೆಂಚಿನ ಮೇಲೆ ಗೌರಿಯ ತಂಗಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ವಾರದಿಂದ ಅವಳ ಕ್ಲಾಸು ಆ ಬೆಂಚೇ ಆಗಿತ್ತು. ನನ್ನನ್ನು ನೋಡಿ ಎದ್ದು ನಿಂತು, "ನಮಸ್ತೆ ಮೇಡಂ" ಎಂದಳು. ಅಕ್ಕನ ಮುಖ, ಅಕ್ಕನ ಧ್ವನಿ. ನನಗೆ ಕಣ್ಣೆತ್ತಿ ನೋಡಲು ಆಗಲಿಲ್ಲ.

ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಗೈಡ್ ಸರ್ ಕಡೆಗೂ ಸಿಕ್ಕಿದ ಪೆಟ್ಟಿಗೆಯಿಂದ ತೆಗೆದ ಸೂಟು ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ಅಂಗಳದ ತುಂಬ ಮಕ್ಕಳು, ಕಾಂಪೌಂಡಿನ ಆಚೆ ಊರವರು. ಕೆಲವರು ಆಗಲೇ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ಹೆಡ್ ಮಾಸ್ಟರು ಮೈಕು ನನ್ನ ಕೈಗೆ ಕೊಟ್ಟು, "ಆ ಚಿತ್ರದ ಅರ್ಥವನ್ನು ಮೇಡಂ ಅವರೇ ತಿಳಿಸಿಕೊಡಬೇಕು" ಎಂದರು.

ಸಾವಿರಾರು ಮೈಲಿ ಆಚೆ, ಯಾರಿಗೂ ಏನೂ ಆಗದ ಜಾಗದಲ್ಲಿ ನಾನು ಹುಲಿಯಂತೆ ಎದ್ದು ನಿಜ ಹೇಳಿದ್ದೆ. ಇಲ್ಲಿ ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ನಿಜ ಹೇಳಿದರೆ ಚಪ್ಪಾಳೆ ನನಗೆ, ಬೆಂಚು ಅವಳಿಗೆ.

"ಅದು ಜ್ಞಾನದ ಬೀಗದ ಕೈ" ಎಂದೆ. ಗಡ್ಡದವನ ಮಾತುಗಳನ್ನೇ ಕನ್ನಡದಲ್ಲಿ ಒಂದೊಂದಾಗಿ ಒಪ್ಪಿಸಿದೆ. ಮುರಿದ ಸ್ಕೇಲು ಹಳೆಯ ಶಿಕ್ಷಣ ಪದ್ಧತಿ ಎಂದೆ. ಕೆಂಪು ಟೇಪು ಗುರುಶಿಷ್ಯರ ಬಾಂಧವ್ಯ ಎಂದೆ. ಅದು ಮಾತ್ರ ನನ್ನದೇ ಸ್ವಂತ. ಹೆಡ್ ಮಾಸ್ಟರು ಜೋರಾಗಿ ಚಪ್ಪಾಳೆ ತಟ್ಟಿದರು. ಕಾಂಪೌಂಡಿನ ಆಚೆ ನಗು ನಿಂತುಹೋಯಿತು. ಅಲ್ಲಿದ್ದ ಹೆಂಗಸರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಒಬ್ಬೊಬ್ಬರಾಗಿ ಹೊರಟುಹೋದರು. ಗೈಡ್ ಸರ್ ಕಿವಿಯ ಹತ್ತಿರ ಬಗ್ಗಿ, "ಈಗ ಕಂಟ್ರೋಲ್ ಬಂತು ನೋಡಮ್ಮ ನಿನ್ನ ವಿಷಯದ ಮೇಲೆ" ಎಂದರು.

ಮರುದಿನದಿಂದ ತಂಗಿ ಕ್ಲಾಸಿನ ಒಳಗೆ ಕೂತಳು.

ಬದನಗುಪ್ಪೆ

ಗೌರಿಯನ್ನು ನೋಡಲು ಫ್ಯಾಕ್ಟರಿ ಗೇಟಿಗೆ ಹೋದೆ. ಸಂಜೆ ಶಿಫ್ಟು ಬಿಟ್ಟಿತ್ತು. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ದರೆ ಸಾಕು ಎಂದೂ ಆಸೆಪಟ್ಟಿದ್ದೆ. ಅವಳು ಬಯ್ಯಲಿಲ್ಲ.

"ಒಳ್ಳೇದ್ ಮಾಡುದ್ರಿ ಮೇಡಂ. ನಿಮ್ ಬುಕ್ಕಲ್ಲೂ ಅಂಗೇ ಬರ್ಕಳಿ. ಯಾವನಾದ್ರೂ ಓದ್ಬುಟ್ಟು ತಂದ್ ತೋರ್ಸುದ್ರೆ ಮತ್ತೆ ಅದೇ ಆಯ್ತದೆ."

"ಅದು ಸುಳ್ಳಲ್ಲವಾ ಗೌರಿ?"

"ನಮ್ಗೆ ಗೊತ್ತಲ್ಲ ಬುಡಿ ಯಾವ್ ಕೀ ಅಂತ." ಕಂಪನಿ ಬಸ್ಸು ಹಾರ್ನ್ ಹೊಡೆಯಿತು, ಅವಳು ಓಡಿಹೋಗಿ ಹತ್ತಿದಳು.

ನನ್ನ ಮಹಾಪ್ರಬಂಧದಲ್ಲಿ ಆ ಅಧ್ಯಾಯ ಹಾಗೇ ಇದೆ. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಅದೊಂದನ್ನೇ ಎತ್ತಿ ಹೊಗಳಿದರು. ಕಲೆಯ ಮೂಲಕ ಸಂಶೋಧನೆ ಎಂದರೆ ಹೀಗಿರಬೇಕು ಎಂದರು. ಪ್ರಶ್ನಾವಳಿ ನನಗೆ ಹೇಳಿದ್ದು ಸುಳ್ಳು. ಹೊಲಿಗೆ ನಿಜ ಹೇಳಿತು, ನಾನು ಅದನ್ನು ಸುಳ್ಳು ಮಾಡಿದೆ. ಈಗ ನನ್ನ ಹೆಸರಿನ ಹಿಂದೆ ಡಾಕ್ಟರ್ ಇದೆ. ಮಂಜು ಇನ್ನೊಂದು ಫ್ಲೆಕ್ಸ್ ಹಾಕುತ್ತೇನೆ ಎಂದು ಬಂದಾಗ ಎಂದೂ ಆಡದ ಮಾತು ಆಡಿ ಕಳಿಸಿದೆ. ಅವನು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಗೌರಿಯ ತಂಗಿ ಹತ್ತನೇ ತರಗತಿ ಪಾಸಾದಳು, ಗಣಿತವೂ ಸೇರಿ. ಗುಂಡ್ಲುಪೇಟೆಯಲ್ಲಿ ಪಿಯುಸಿಗೆ ಸೇರಿದ್ದಾಳೆ. ಇನ್ನು ಆ ಹೆಡ್ ಮಾಸ್ಟರ ಹಂಗು ಅವಳಿಗಿಲ್ಲ. ಸುದ್ದಿ ಹೇಳಲು ಫೋನ್ ಮಾಡಿದ ಗೌರಿಯನ್ನು, ನಡೆದದ್ದನ್ನು ಬರೆಯಲೇ ಎಂದು ಕೇಳಿದೆ. ಯೋಚಿಸಿ, "ಈಗ ಬರ್ಕಳಿ. ಊರ್ ಎಸ್ರು ಮಾತ್ರ ಬ್ಯಾಡ" ಎಂದಳು.

ಫೋನ್ ಇಡುವ ಮೊದಲು ತಡೆಯಲಾರದೆ ಕೇಳಿದೆ: "ಆ ಕೀ ಈಗ ಯಾರ ಹತ್ತಿರ ಇದೆ?"

"ನಮ್ ಚಿಕ್ಕಪ್ಪನ ಮಗ್ಳ ತಾವ್ ಅದೆ ಮೇಡಂ, ಎಂಟ್ನೇ ಕ್ಲಾಸು. ಫಿನ್‌ಲ್ಯಾಂಡ್ಗೆ ಓಗ್‌ಬಂದಿರೋ ಕೀ ಅಂತ ಎಚ್ಚೆಮ್ಮು ಅದಕ್ಕೆ ಹೊಸ ಟೇಪ್ ಕಟ್ಸವ್ರೆ."